ಜಾಕು, ಗಾಡಿ ಮತ್ತು ನನ್ನ ಸೊಂಟ

ನಮ್ಮ ಮನೆಗೆ ಮೊದಲ ಸಲ ಬರುವವರು ಬಳ್ಳಾರಿಯ ಬಿಸಿಲನ್ನು ಬೈಯುತ್ತಾ ಒಳಗೆ ಕಾಲಿಡುತ್ತಾರೆ. ಕಾಲಿಟ್ಟ ಕೂಡಲೇ ಬಾಗಿಲ ಹಿಂದಿನ ಒಂದು ಕಬ್ಬಿಣದ ವಸ್ತುವಿಗೆ ಬೆರಳು ಬಡಿಸಿಕೊಂಡು, ಬಿಸಿಲನ್ನು ಮರೆತು, ಕುಂಟುತ್ತಾ ಹೋಗಿ ಕುರ್ಚಿಯಲ್ಲಿ ಕೂಡುತ್ತಾರೆ. ನೀವು ಬಂದರೂ ಇದೇ ಆಗುತ್ತದೆ, ಈಗಲೇ ಹೇಳಿರುತ್ತೇನೆ. ಆ ವಸ್ತು ಒಂದು ಜಾಕು. ಕಾರಿನ ಡಿಕ್ಕಿಯಲ್ಲಿ ಮಡಚಿ ಇಡುವ ಸಣ್ಣ ಜಾಕಲ್ಲ. ನಾಲ್ಕು ಕಬ್ಬಿಣದ ಗಾಲಿ, ಒಂದು ಉದ್ದನೆಯ ಹಿಡಿ, ಹಿಡಿಯನ್ನು ಮೇಲೆ ಕೆಳಗೆ ಆಡಿಸಿದರೆ ಮೆಲ್ಲಗೆ ಏಳುವ ತೋಳು, ತೋಳಿನ ತುದಿಗೊಂದು ಬಟ್ಟಲು. ಹೀಗೆ ನೆಲದ ಮೇಲೆ ಉರುಳಿಸಿಕೊಂಡು ಹೋಗುವ ದೊಡ್ಡ ಜಾಕು. ನಮ್ಮ ಮನೆಯಲ್ಲಿ ಕಾರಿಲ್ಲ. ಮತ್ತೆ ಜಾಕು ಯಾಕೆ ಎಂದು ಎಲ್ಲರೂ ಕೇಳುತ್ತಾರೆ, ಬೆರಳು ಉಜ್ಜಿಕೊಳ್ಳುತ್ತಾ.

ಅದು ನನ್ನ ಹೆಂಡತಿ ಶಶಿಕಲಾಳಿಗೆ ತವರಿನಿಂದ ಬಂದ ಪಾಲು. ಸಿರುಗುಪ್ಪದಲ್ಲಿ ಅವಳ ಅಪ್ಪನದೊಂದು ಅಕ್ಕಿ ಗಿರಣಿ ಇತ್ತು. ಮಾವನವರು ವಯಸ್ಸಾಗಿ ಗಿರಣಿ ಮುಚ್ಚಿದಾಗ ಮಕ್ಕಳಿಬ್ಬರನ್ನೂ ಕರೆದು, ಸಾಮಾನುಗಳಲ್ಲಿ ಬೇಕಾದ್ದು ತೆಗೆದುಕೊಳ್ಳಿ ಎಂದರು. ತಮ್ಮ ಪಂಪಣ್ಣ ದೊಡ್ಡ ತಕ್ಕಡಿಯನ್ನೂ ಮಂಚವನ್ನೂ ಆರಿಸಿಕೊಂಡ. ಇವಳು ಮೂಲೆಯಲ್ಲಿ ಎಣ್ಣೆ ಮೆತ್ತಿಕೊಂಡು ಕೂತಿದ್ದ ಜಾಕನ್ನು ತೋರಿಸಿದಳು. ಟ್ರಾಕ್ಟರಿನ ಟ್ರೇಲರ್ ಪಂಕ್ಚರ್ ಆದಾಗ ಎತ್ತುತ್ತಿದ್ದ ಜಾಕದು. ಚಿಕ್ಕವಳಿದ್ದಾಗ ಅದರ ಮೇಲೆ ಕೂತು ಗಿರಣಿಯ ಅಂಗಳವೆಲ್ಲ ಉರುಳಾಡಿದ್ದಳಂತೆ. ಬಸ್ಸಿನ ಕಂಡಕ್ಟರು ಅದನ್ನು ಹತ್ತಿಸಿಕೊಳ್ಳಲು ಮಾಡಿದ ರಗಳೆ ಬೇರೆಯದೇ ಕತೆ, ಅದು ಈಗ ಬೇಡ.

ಅಂದಿನಿಂದ ಜಾಕು ನಮ್ಮ ಸಂಸಾರದಲ್ಲಿ ಎತ್ತುವ ಕೆಲಸ ಒಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮಾಡಿದೆ. ಮಧ್ಯಾಹ್ನದ ಬಿಸಿಗಾಳಿಗೆ ಬಾಗಿಲು ಬಡಿದುಕೊಳ್ಳದಂತೆ ಅಡ್ಡ ನಿಂತಿದೆ. ಉಪ್ಪಿನಕಾಯಿ ಜಾಡಿಯ ಹಲಗೆಯ ಮೇಲೆ ಭಾರವಾಗಿ ಕೂತಿದೆ. ಅದರ ಹಿಡಿಯನ್ನು ಬಿಚ್ಚಿ ನೆರೆಮನೆಯವರು ನುಗ್ಗೆಕಾಯಿ ಎಳೆಯಲು ಒಯ್ಯುತ್ತಾರೆ. ನಾನಂತೂ ಅದನ್ನು ಗೇಲಿ ಮಾಡಿಕೊಂಡೇ ಬಂದವನು. ಬೇರೆ ಹೆಣ್ಣುಮಕ್ಕಳು ತವರಿನಿಂದ ಬಂಗಾರ ತರುತ್ತಾರೆ, ನಮ್ಮವಳು ಕಬ್ಬಿಣ ತಂದಳು ಎಂದು ಬಂದವರ ಮುಂದೆಲ್ಲ ಹೇಳಿದ್ದೇನೆ.

ಈಗ ನನ್ನ ಗಾಡಿಯ ವಿಷಯ. ಗಾಡಿ ಎಂದರೆ ಮೋಟಾರ್ ಸೈಕಲ್ಲು. ನಮ್ಮ ಕಡೆ ಬೇರೆ ಹೆಸರಿಲ್ಲ. ಅದು ಮದುವೆಗೆ ಮೊದಲೇ ನನ್ನ ಹತ್ತಿರ ಇದ್ದದ್ದು. ಕಂಟೋನ್ಮೆಂಟಿನ ನನ್ನ ಝೆರಾಕ್ಸ್ ಅಂಗಡಿಗೂ ಅದೇ, ಕುರುಗೋಡಿನಲ್ಲಿ ನಾನು ಹುಟ್ಟಿದ ಮನೆಗೂ ಅದೇ, ಸಿರುಗುಪ್ಪದ ಬೀಗರಲ್ಲಿಗೂ ಅದೇ. ಭಾನುವಾರ ಬೆಳಿಗ್ಗೆ ಅದನ್ನು ಡಬಲ್ ಸ್ಟ್ಯಾಂಡಿಗೆ ಎಳೆದು ನಿಲ್ಲಿಸಿ, ಹಿಂದಿನ ಗಾಲಿಯನ್ನು ಬೆರಳಲ್ಲಿ ತಿರುಗಿಸುತ್ತಾ, ಚೈನಿಗೆ ಎಣ್ಣೆ ಬಿಡುವುದು ನನ್ನ ಪೂಜೆ. ಮೆಕ್ಯಾನಿಕ್ಕರಿಗೆ ಕೊಡಬಹುದಲ್ಲ ಎನ್ನುತ್ತೀರಿ. ಕೊಡಬಹುದು. ನಿಮ್ಮ ಪೂಜೆಯನ್ನೂ ಬೇರೆಯವರ ಕೈಲಿ ಮಾಡಿಸಬಹುದು.

ಕಳೆದ ವರ್ಷ ಹೀಗೇ ಎಳೆಯುವಾಗ ಸೊಂಟದಲ್ಲಿ ಏನೋ ಛಟ್ಟೆಂದಿತು. ಡಾಕ್ಟರು ಬೆನ್ನಿನ ಫೋಟೋವನ್ನು ಬೆಳಕಿಗೆ ಹಿಡಿದು, ಒಂದು ಬಿಲ್ಲೆ ಜಾರಿದೆ, ಇನ್ನು ಮೇಲೆ ತುಂಬಿದ ಕೊಡ ಕೂಡ ಎತ್ತುವಂತಿಲ್ಲ ಎಂದರು. ಓಡಿಸಬಹುದೇ ಎಂದು ಕೇಳಿದೆ. ನೋವು ಇಳಿದ ಮೇಲೆ ನಿಧಾನಕ್ಕೆ ಓಡಿಸಬಹುದು, ಎತ್ತಬಾರದು, ಎಳೆಯಬಾರದು ಎಂದರು. ಶಶಿಕಲಾ ಪಕ್ಕದಲ್ಲೇ ಇದ್ದಳು. ಅವಳಿಗೆ ಎರಡನೆಯ ಭಾಗ ಮಾತ್ರ ಕೇಳಿಸಿತು, ನನಗೆ ಮೊದಲನೆಯ ಭಾಗ ಮಾತ್ರ.

ಅಂದಿನಿಂದ ನಾನು ಅವಳ ಸ್ಕೂಟಿಯ ಹಿಂದೆ ಕೂತು ಅಂಗಡಿಗೆ ಹೋಗುತ್ತಿದ್ದೇನೆ. ಅವಳು ಜೀನ್ಸ್ ಹೊಲಿಯುವ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕಿ. ದಾರಿಯಲ್ಲಿ ನನ್ನನ್ನು ಇಳಿಸಿ ಹೋಗುತ್ತಾಳೆ. ಎದುರಿನ ಚಹಾ ಅಂಗಡಿಯವರು ಮೊದಮೊದಲು ನಕ್ಕರು, ಆಮೇಲೆ ಅವರಿಗೂ ರೂಢಿಯಾಯಿತು. ನನಗೆ ಮಾತ್ರ ಆಗಲಿಲ್ಲ. ಗಾಡಿ ಅಂಗಳದಲ್ಲಿ ಹೊದಿಕೆ ಹೊದ್ದು ಪಕ್ಕದ ಸ್ಟ್ಯಾಂಡಿನ ಮೇಲೆ ವಾಲಿಕೊಂಡು ನಿಂತಿತು. ಚೈನು ತುಕ್ಕು ಹಿಡಿಯಿತು. ಅದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಈ ಎಳೆಯುವ ಹುಚ್ಚು ನನಗೆ ಅಪ್ಪನಿಂದ ಬಂದದ್ದು. ಕುರುಗೋಡಿನ ನಮ್ಮ ಮನೆಯ ಮುಂದೆ ಒಂದು ಚಪ್ಪಟೆ ಕಲ್ಲಿತ್ತು. ಗುಡ್ಡದಲ್ಲಿ ಕಲ್ಲು ಒಡೆಯುವವರು ಯಾವ ಕಾಲಕ್ಕೋ ಬಿಟ್ಟುಹೋಗಿದ್ದು. ಅಪ್ಪನ ಗಾಡಿಗೆ ಡಬಲ್ ಸ್ಟ್ಯಾಂಡು ಮುರಿದಿತ್ತು. ಗಾಲಿ ಬಿಚ್ಚಬೇಕಾದರೆ ಅಪ್ಪ ಗಾಡಿಯನ್ನು ತೊಡೆಗೆ ಆನಿಸಿಕೊಂಡು ಎತ್ತಿ, ಕಾಲಿನಿಂದ ಆ ಕಲ್ಲನ್ನು ಎಂಜಿನ್ನಿನ ಕೆಳಗೆ ತಳ್ಳುತ್ತಿದ್ದ. ಕಟ್ಟೆಯ ಮೇಲೆ ಕೂತವರು ಸಹಾಯಕ್ಕೆ ಎದ್ದರೆ, "ಯಾರೂ ಕೈ ಹಾಕಬ್ಯಾಡ್ರಿ" ಎನ್ನುತ್ತಿದ್ದ. ಜೋಳದ ಚೀಲ ಇಳಿಸುವಾಗಲೂ ಅದೇ ಮಾತು, ಟ್ರಂಕು ಅಟ್ಟಕ್ಕೆ ಏರಿಸುವಾಗಲೂ ಅದೇ. ಆ ಕಲ್ಲು ಎರಡು ಸಲ ಜಾರಿ ಅಪ್ಪನ ಹೆಬ್ಬೆರಳ ಉಗುರು ಹೋಗಿತ್ತು. ಆಗಲೂ ಒಂಟಿಕಾಲಲ್ಲಿ ನಿಂತು ಯಾರೂ ಕೈ ಹಾಕಬೇಡಿ ಎಂದೇ ಹೇಳಿದ. ನಮ್ಮ ಮನೆಯಲ್ಲಿ ಗಂಡಸುತನ ಎಂದರೆ ಅಷ್ಟೇ ಇತ್ತು. ಕೊನೆಗೆ ಹಾಸಿಗೆ ಹಿಡಿದಾಗಲೂ ಅಪ್ಪ ನಮ್ಮ ಕೈ ಹಿಡಿದು ಎದ್ದವನಲ್ಲ, ಗೋಡೆ ಹಿಡಿದು ಏಳುತ್ತಿದ್ದ.

ನನ್ನ ಹೆಣ್ಣು ನೋಡುವ ಶಾಸ್ತ್ರದಲ್ಲೂ ಇದು ಬಂತು. ಸಿರುಗುಪ್ಪದ ಮನೆಯ ಮುಂದೆ ಗಾಡಿ ನಿಲ್ಲಿಸಿ, ಕಿಟಕಿಯಲ್ಲಿ ಯಾರೋ ನೋಡುತ್ತಿದ್ದಾರೆಂಬ ಗುಮಾನಿಯಿಂದ, ಪಕ್ಕದ ಸ್ಟ್ಯಾಂಡು ಬಿಟ್ಟು ಡಬಲ್ ಸ್ಟ್ಯಾಂಡಿಗೆ ಕೈ ಹಾಕಿದೆ. ಹೊಸ ಚಪ್ಪಲಿ, ಮೊಣಕಾಲ ಮಟ್ಟದ ಧೂಳು. ಗಾಡಿ ಏಳಲಿಲ್ಲ. ಇನ್ನೊಮ್ಮೆ ಎಳೆದೆ. ಆಗ ಮಾವನವರು ಹಿಂದಿನಿಂದ ಬಂದು, ಎತ್ತಲು ಕೈ ಚಾಚಿ, ಚಾಚಿದ ಕೈಯನ್ನು ಹಾಗೇ ನಿಲ್ಲಿಸಿ, ನನ್ನ ಮುಖ ನೋಡುತ್ತಾ ನಿಂತರು. ನಾನು ಬೇಡ ಎಂದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಅವರು ಯಾಕೆ ಹಾಗೆ ಕಾಯುತ್ತಾ ನಿಂತರು ಎಂಬುದು ನನಗೆ ಬಹಳ ವರ್ಷ ಅರ್ಥವಾಗಿರಲಿಲ್ಲ.

ಗಿರಣಿಯ ಪದ್ಧತಿ ಅದು. ಭತ್ತದ ಚೀಲವನ್ನು ಒಬ್ಬ ಹಮಾಲನ ಬೆನ್ನಿಗೆ ಏರಿಸಬೇಕಾದರೆ ಇಬ್ಬರು ಎರಡು ಕಡೆ ಚೀಲದ ಕಿವಿ ಹಿಡಿದು ನಿಲ್ಲುತ್ತಾರೆ. ಹೊರುವವನು ಬಗ್ಗಿ, ಕಾಲು ಊರಿ, ಉಸಿರು ಹಿಡಿದು "ಹ್ಞಾಂ" ಅನ್ನುವವರೆಗೂ ಅವರು ಎತ್ತುವಂತಿಲ್ಲ. ಎಷ್ಟೇ ಅವಸರವಿರಲಿ, ಲಾರಿ ಹಾರನ್ ಹೊಡೆಯುತ್ತಿರಲಿ, ಕೆಳಗಿದ್ದವನೇ ಹೇಳಬೇಕು. ಇನ್ನೊಂದು ಮಾತೂ ಇತ್ತು. ಚೀಲ ಜಾರಿತೋ, ಯಾರಾದರೂ ಒಬ್ಬರು "ಬಿಡು" ಎಂದರೆ ಎಲ್ಲರೂ ಬಿಟ್ಟು ದೂರ ಸರಿಯಬೇಕು. ಚೆಲ್ಲಿದ ಭತ್ತವನ್ನು ಗುಡಿಸಿಕೊಳ್ಳಬಹುದು. ಹಿಡಿಯಲು ಹೋದವನನ್ನು ಮಾವನವರು ಅವತ್ತಿನ ಮಟ್ಟಿಗೆ ಮನೆಗೆ ಕಳಿಸಿಬಿಡುತ್ತಿದ್ದರಂತೆ. ಶಶಿಕಲಾ ಬೆಳೆದದ್ದು ಈ ಎರಡು ಮಾತುಗಳ ನಡುವೆ.

ಹೀಗಿರುವಾಗ ಮೊನ್ನೆ ಒಂದು ಭಾನುವಾರ ಅವಳು ಸಂತೆಗೆ ಹೋದದ್ದು ನೋಡಿ ನಾನು ಹೊದಿಕೆ ತೆಗೆದೆ. ಒಂದೇ ಒಂದು ಸಲ ಎಂದುಕೊಂಡು ಡಬಲ್ ಸ್ಟ್ಯಾಂಡಿಗೆ ಕಾಲಿಟ್ಟು ಎಳೆದೆ. ಅವಳು ಚೀಲ ಹಿಡಿದು ಗೇಟು ತೆರೆದಾಗ ನಾನು ಅಂಗಳದಲ್ಲಿ ಅಂಗಾತ ಮಲಗಿ ನುಗ್ಗೆಮರ ನೋಡುತ್ತಿದ್ದೆ. ಗಾಡಿ ಎಲ್ಲಿತ್ತೋ ಅಲ್ಲೇ ಇತ್ತು. ಅವಳು ಓಡಿಬಂದು ಕೈ ಚಾಚಿದಳು. ನಾನು, ನಮ್ಮಪ್ಪನ ಮಗ, "ಕೈ ಹಾಕಬ್ಯಾಡ" ಎಂದೆ. ಹೊರಳಿ, ತೆವಳಿ, ಕಿಟಕಿಯ ಸರಳು ಹಿಡಿದು ಎದ್ದೆ. ಅಷ್ಟು ಹೊತ್ತೂ ಅವಳು ಚಾಚಿದ ಕೈಯನ್ನು ಹಾಗೇ ಇಟ್ಟುಕೊಂಡು ನಿಂತಿದ್ದಳು, ಆಮೇಲೆ ತರಕಾರಿ ಎತ್ತಿಕೊಂಡು ಒಳಗೆ ಹೋದಳು.

ಅಂದು ಊಟ ಬಡಿಸುತ್ತಾ ಅವಳು ಬಹಳ ಶಾಂತವಾಗಿ ಹೇಳಿದಳು: "ಬರೋ ಐತಾರ ಪಂಪಣ್ಣ ಬರ್ತಾನ. ಅವಂಗ ಹೊಲಕ್ಕ ಹೋಗಾಕ ಗಾಡಿ ಬೇಕಾಗೇತಿ. ಅಷ್ಟರಾಗ ನಿಮ್ಮ ನಡಕ್ಕ ತ್ರಾಸ ಆಗದಂಗ ಅದನ್ನ ಎತ್ತಿ ತೋರಸ್ರಿ. ಆಗಲಿಲ್ಲಂದ್ರ ಸಿರುಗುಪ್ಪಕ್ಕ ಹೋಗ್ಲಿ. ನಿಮ್ಮನ್ನ ಮತ್ತೊಮ್ಮೆ ಹಂಗ ಬಿದ್ದಿದ್ದು ನೋಡಾಕ ನನ್ನ ಕೈಲಿ ಆಗಂಗಿಲ್ಲ."

ಅವಳು ಇಂಥ ಮಾತನ್ನು ವರ್ಷಕ್ಕೊಮ್ಮೆ ಆಡುವವಳು, ಆಡಿದರೆ ಮುಗಿಯಿತು. ಗಾಡಿ ಸಿರುಗುಪ್ಪದ ಕೆಸರುಗದ್ದೆಯ ಬದುವಿನ ಮೇಲೆ ನಿಂತಿರುವುದು, ಪಂಪಣ್ಣ ಅದರ ಮೇಲೆ ಗೊಬ್ಬರದ ಚೀಲ ಹೇರಿರುವುದು ಕಣ್ಣಿಗೆ ಕಟ್ಟಿತು. ಕೈ ತೊಳೆಯಲು ಎದ್ದವನು ಬಾಗಿಲ ಹಿಂದಿನ ಜಾಕಿಗೆ ಬೆರಳು ಬಡಿಸಿಕೊಂಡೆ. ಇಷ್ಟು ವರ್ಷ ಅದಕ್ಕೆ ಬೈದುಕೊಂಡೇ ಬಂದವನು ಅವತ್ತು ಬೈಯಲಿಲ್ಲ, ನಿಂತು ನೋಡಿದೆ.

ಆ ವಾರವೆಲ್ಲ ನಾನು ಮೊಬೈಲಿನಲ್ಲಿ ಗಾಡಿ ಎತ್ತುವವರನ್ನೇ ನೋಡಿದೆ. ಯಾವ ಯಾವ ದೇಶದವರೋ, ಯಾವ ಯಾವ ಭಾಷೆಯವರೋ. ಎಲ್ಲರೂ ಹೇಳುವುದು ಹೆಚ್ಚು ಕಡಿಮೆ ಒಂದೇ. ನೆಲ ಗಟ್ಟಿ ಇರಬೇಕು, ಮಟ್ಟಸವಾಗಿರಬೇಕು. ಗಾಡಿಯನ್ನು ಗೇರಿನಲ್ಲಿಟ್ಟು ಮುಂದಿನ ಬ್ರೇಕನ್ನು ಒತ್ತಿ ಕಟ್ಟಬೇಕು. ಜಾಕಿನ ಬಟ್ಟಲನ್ನು ಎಂಜಿನ್ನಿನ ಹೊಟ್ಟೆಗಾಗಲಿ ಸೈಲೆನ್ಸರಿಗಾಗಲಿ ಕೊಡದೆ, ಚೌಕಟ್ಟಿನ ಕೆಳಗಿನ ಎರಡು ಕೊಳವೆಗಳಿಗೆ ತಾಕುವಂತೆ ಮರದ ಹಲಗೆಯೊಂದನ್ನು ನಡುವೆ ಇಡಬೇಕು. ಒಬ್ಬರು ಹ್ಯಾಂಡಲ್ ಹಿಡಿದಿರಬೇಕು. ಎತ್ತಿದ ಮೇಲೆ ಜಾಕನ್ನಷ್ಟೇ ನಂಬದೆ ಗಟ್ಟಿ ಆಸರೆಗಳನ್ನು ಕೊಡಬೇಕು, ಅಲ್ಲಿಯವರೆಗೆ ಕೆಳಗೆ ಕೈ ಹಾಕಬಾರದು. ಇದನ್ನೆಲ್ಲ ನಾನು ಶಶಿಕಲಾಳಿಗೆ ಪಾಠ ಮಾಡಿದೆ. ಅವಳು ಕೇಳಿಸಿಕೊಂಡಳು. ಬ್ರೇಕು ಕಟ್ಟಲು ಕಾರ್ಖಾನೆಯಿಂದ ಜೀನ್ಸಿನ ದಪ್ಪ ಪಟ್ಟಿಗಳನ್ನು ತಂದಳು. ಜೊತೆಗೆ ಜೀನ್ಸಿನ ಚೂರುಗಳನ್ನು ತುರುಕಿದ ಗೋಣಿಚೀಲಗಳನ್ನು ಆಟೋದಲ್ಲಿ ಹೇರಿಸಿಕೊಂಡು ಬಂದಳು.

ಇವು ಯಾತಕ್ಕೆ ಎಂದು ಕೇಳಿದೆ. ಗಾಡಿಯ ಎರಡೂ ಪಕ್ಕಕ್ಕೆ ಹಾಸಲು ಎಂದಳು. ನಾನು ನಕ್ಕೆ. ಗಾಡಿಗೆ ಹಾಸಿಗೆಯೇನು, ದಿಂಬೂ ಕೊಡು ಎಂದೆ. ಅವಳು ಚೀಲಗಳನ್ನು ಸಾಲಾಗಿ ಹಾಸಿದಳು.

ಶನಿವಾರ ಸಂಜೆ ಮುಹೂರ್ತ. ಇಲ್ಲಿ ನೀವು ನಮ್ಮೂರಿನವರಾಗಿದ್ದರೆ ಮುಂದೇನಾಯಿತೆಂದು ಹೇಳಿಬಿಡುತ್ತೀರಿ. ಬಳ್ಳಾರಿಯಲ್ಲಿ ಹೊತ್ತು ಇಳಿದ ಮೇಲೆ ಅಂಗಳಕ್ಕೆ ನೀರು ಹೊಡೆಯದೆ ಯಾವ ಕೆಲಸವೂ ಶುರುವಾಗುವುದಿಲ್ಲ. ಹಗಲೆಲ್ಲ ಕಾದ ಕಲ್ಲಿನ ಮೇಲೆ ಕೂಡುವುದಾದರೂ ಹೇಗೆ? ನಮ್ಮ ಅಂಗಳಕ್ಕೆ ಹಾಸಿದ್ದು ಕಡಪಾ ಕಲ್ಲು. ವರ್ಷಗಟ್ಟಲೆ ತೊಳೆದು, ಗುಡಿಸಿ, ರಂಗೋಲಿ ಹಾಕಿ ನುಣ್ಣಗಾಗಿದೆ. ನಾನೇ ಬಕೆಟ್ಟು ಹಿಡಿದು ಉದಾರವಾಗಿ ನೀರು ಚಿಮುಕಿಸಿದೆ. ಕಲ್ಲು ಹಬೆಯಾಡಿ ತಣ್ಣಗಾಯಿತು. ಮೊಬೈಲಿನಲ್ಲಿ ಕಂಡ ಯಾವ ದೇಶದವರೂ ಅಂಗಳಕ್ಕೆ ನೀರು ಹೊಡೆಯಬೇಡಿ ಎಂದು ಹೇಳಿರಲಿಲ್ಲ. ಅವರಿಗೆ ಆ ಅಭ್ಯಾಸ ಗೊತ್ತಿದ್ದರೆ ತಾನೆ.

ಶಶಿಕಲಾ ಮುಂದಿನ ಗಾಲಿಯ ಎದುರು ನಿಂತು ಹ್ಯಾಂಡಲ್ಲಿನ ಎರಡೂ ತುದಿ ಹಿಡಿದಳು. ನಾನು ಬಲಪಕ್ಕದಲ್ಲಿ ಜಾಕನ್ನು ಒಳಗೆ ತಳ್ಳಿ ಹಲಗೆ ಇಟ್ಟೆ. "ಕೆಳಗ ಕೆಲಸ ಮಾಡೋರು ನೀವು. ನೀವು ಹ್ಞಾಂ ಅಂದಮ್ಯಾಲ ನಾ ಗಟ್ಟಿ ಹಿಡಿತೀನಿ," ಎಂದಳು. ಇದೇನು ಭತ್ತದ ಚೀಲವೇ ಎಂದು ನಾನು ಹ್ಞಾಂ ಅನ್ನದೇ ಹಿಡಿ ಆಡಿಸತೊಡಗಿದೆ. ಗಾಡಿ ಎದ್ದಿತು. ಹಿಂದಿನ ಗಾಲಿ ನೆಲ ಬಿಟ್ಟದ್ದು ಕಂಡು ನನ್ನ ಎದೆಯೂ ಅಷ್ಟೇ ಎದ್ದಿತು. ಇನ್ನೊಂದಿಷ್ಟು ಆಡಿಸಿದೆ. ಆಗ ಒದ್ದೆ ಕಲ್ಲಿನ ಮೇಲೆ ಜಾಕಿನ ಕಬ್ಬಿಣದ ಗಾಲಿಗಳು ಸದ್ದಿಲ್ಲದೆ ನನ್ನ ಕಡೆಗೆ ಸರಿದವು. ಹಲಗೆ ಓರೆಯಾಯಿತು. ಗಾಡಿ ನಿಧಾನವಾಗಿ, ಬಹಳ ನಿಧಾನವಾಗಿ, ನನ್ನಿಂದ ಆಚೆಗೆ, ಎಡಕ್ಕೆ ವಾಲಿತು.

ನಾನು ಎದ್ದು ಹಿಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಭಾರವೆಲ್ಲ ಸೊಂಟಕ್ಕೆ ಬಂತು.

"ಬಿಡ್ರಿ," ಎಂದಳು. ಅವಳು ಆಗಲೇ ಹ್ಯಾಂಡಲ್ ಬಿಟ್ಟು ಹಿಂದೆ ಸರಿದಿದ್ದಳು.

ಬಿಡಲಿಲ್ಲ. ಕೈ ಬಿಡುವುದನ್ನು ನಮ್ಮ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ. ತಲೆ ಎತ್ತಿ ಅವಳ ಮುಖ ನೋಡಿದೆ. ಅವಳು ಗಾಡಿಯನ್ನು ನೋಡುತ್ತಲೇ ಇರಲಿಲ್ಲ, ನನ್ನ ಸೊಂಟವನ್ನು ನೋಡುತ್ತಿದ್ದಳು. ಅಷ್ಟು ಹೆದರಿದ ಅವಳ ಮುಖವನ್ನು ನಾನು ಎಂದೂ ಕಂಡಿರಲಿಲ್ಲ. ಕೈ ಬಿಟ್ಟೆ.

ಗಾಡಿ ಜೀನ್ಸ್ ಚೂರಿನ ಚೀಲಗಳ ಮೇಲೆ ಧೊಪ್ಪನೆ ಬಿದ್ದು ಮಲಗಿತು. ಒಂದು ಕನ್ನಡಿ ಒಡೆಯಿತು, ಅಷ್ಟೇ. ಅವಳು ಹೋಗಿ ಮೊದಲು ಪೆಟ್ರೋಲ್ ಬಂದ್ ಮಾಡಿದಳು. ನೆರೆಮನೆಯ ಗಂಡ ಹೆಂಡತಿಯನ್ನು ಕರೆದಳು. ಮೂವರೂ ಸೇರಿ ಗಾಡಿಯನ್ನು ಎಬ್ಬಿಸಿ ನಿಲ್ಲಿಸಿದರು. ನಾನು ಸೊಂಟದ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲ ಮೇಲೆ ನಿಂತು ನೋಡಿದೆ. ನೆರೆಮನೆಯವರು ಹೋಗುವಾಗ, ಹೇಗೂ ಬಂದಿದ್ದೇವೆ ಎಂದು, ಜಾಕಿನ ಹಿಡಿ ಕೇಳಿ ಒಯ್ದರು. ನುಗ್ಗೆಕಾಯಿ ಬಲಿತಿದ್ದವಂತೆ.

ಗಾಡಿ ಹೋಯಿತು ಎಂದೇ ನಾನು ತಿಳಿದೆ. ಚಹಾ ಕುಡಿಯುತ್ತಾ ಪಂಪಣ್ಣನಿಗೆ ಕನ್ನಡಿ ಹಾಕಿಸಿಕೊಳ್ಳಲು ಹೇಳಬೇಕು ಎಂದೆ. ಅವಳು ಲೋಟ ಕೆಳಗಿಟ್ಟು, "ಬಿಟ್ರಲ್ರಿ," ಎಂದಳು. ಏನು ಎಂದೆ. "ಬಿಡಂಗಿಲ್ಲ ಅಂದ್ಕೊಂಡಿದ್ದೆ. ಬಿಟ್ರಿ. ಅಷ್ಟು ಸಾಕು ನನಗ. ನಾಳೆ ಒಣಗಿದ ನೆಲದಾಗ ಮಾಡೂಣು."

ಮರುದಿನ ಬಿಸಿಲೇರುವ ಮುಂಚೆ ಎದ್ದೆವು. ನುಗ್ಗೆಕಾಯಿ ಸಮೇತ ಹಿಡಿ ವಾಪಸು ಬಂದಿತ್ತು. ಕಡಪಾ ಕಲ್ಲಿನ ಸಹವಾಸ ಬೇಡವೆಂದು ಗಾಡಿಯನ್ನು ಗೇಟಿನ ಪಕ್ಕದ ಒರಟು ಸಿಮೆಂಟಿನ ಮೇಲೆ ತಂದಳು. ಜಾಕಿನ ಗಾಲಿಗಳನ್ನು ಒರೆಸಿದೆ. ಬಕೆಟ್ಟನ್ನು ಅವಳು ಒಳಗಿಟ್ಟು ಬಚ್ಚಲ ಬಾಗಿಲು ಹಾಕಿಕೊಂಡು ಬಂದಳು, ನನ್ನ ಮೇಲೆ ಅಷ್ಟು ನಂಬಿಕೆ. ಚೀಲಗಳನ್ನು ಈ ಸಲ ನಾನೇ ಹಾಸಿದೆ. ಮಣೆಯ ಮೇಲೆ ಕೂತು, ಹಲಗೆ ಸರಿಯಾಗಿ ಎರಡೂ ಕೊಳವೆಗೆ ತಾಕಿದೆಯೇ ಎಂದು ನೋಡಿ, "ಹ್ಞಾಂ" ಎಂದೆ. ಅವಳು ಹಿಡಿದಳು. ಸ್ವಲ್ಪ ಎತ್ತಿದೆ, ನಿಲ್ಲಿಸಿದೆ, ಜಾಕಿನ ಗಾಲಿ ನೋಡಿದೆ. ಮತ್ತೆ "ಹ್ಞಾಂ", ಮತ್ತೆ ಸ್ವಲ್ಪ. ಆ ವಾರವೇ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದ ಕಬ್ಬಿಣದ ಆಸರೆಗಳನ್ನು ಎರಡೂ ಪಕ್ಕ ಕೊಟ್ಟು ಗಾಡಿಯನ್ನು ಮೆಲ್ಲಗೆ ಅಲುಗಿಸಿ ನೋಡಿದೆವು. ಅಲುಗಲಿಲ್ಲ. ಗೇರು ಬಿಡಿಸಿ ಹಿಂದಿನ ಗಾಲಿಯನ್ನು ಬೆರಳಲ್ಲಿ ಮುಟ್ಟಿದೆ. ಒಂದು ವರ್ಷದ ಮೇಲೆ ಅದು ತಿರುಗಿತು, ಕಿರ್ರೆನ್ನುತ್ತಾ. ನನ್ನ ಕಣ್ಣು ತುಂಬಿ ಬಂತು. ಚೈನಿಗೆ ಎಣ್ಣೆ ಬಿಡುವ ನೆವದಲ್ಲಿ ಬಗ್ಗಿ ಕೂತೆ.

ಅದೇ ಹೊತ್ತಿಗೆ ಗೇಟು ಸದ್ದಾಯಿತು. ಪಂಪಣ್ಣ. ಬಸ್ಸಿನಲ್ಲಿ ಬಂದಿದ್ದಾನೆ, ಕೈಯಲ್ಲಿ ಹೊಸ ಹೆಲ್ಮೆಟ್ಟು. ಗಾಳಿಯಲ್ಲಿ ತೇಲುತ್ತಿದ್ದ ಗಾಡಿಯನ್ನೂ ಎಣ್ಣೆಯಾದ ನನ್ನ ಕೈಯನ್ನೂ ನೋಡಿ, "ಏನ್ ಬಾವಾ, ನನಗಂತ ಸರ್ವಿಸ್ ಮಾಡಾಕತ್ತೀರೇನು?" ಎಂದ. ನಾನು ಶಶಿಕಲಾಳ ಕಡೆ ನೋಡಿದೆ. ಅವಳು ಹ್ಯಾಂಡಲ್ ಮೇಲಿಟ್ಟ ಕೈ ತೆಗೆಯದೆ ತಮ್ಮನಿಗೆ ಹೇಳಿದಳು:

"ಅದನ್ನ ನಾವು ಇಟ್ಗೊಂತೀವಿ ಪಂಪಣ್ಣ. ನೀ ಬೇರೇದ್ ನೋಡ್ಕೊ. ಒಳಗ ಮಂಡಕ್ಕಿ ಒಗ್ಗರಣಿ ಮಾಡಿಟ್ಟೀನಿ, ತಿನ್ನು ಹೋಗು."

ಅವನು ಪಾಪ ಹೆಲ್ಮೆಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ಅದನ್ನು ತೊಟ್ಟುಕೊಂಡೇ ಒಳಗೆ ಹೋದ. ಬಾಗಿಲ ಹಿಂದೆ ಜಾಕಿಲ್ಲದ್ದರಿಂದ, ನಮ್ಮ ಮನೆಗೆ ಬಂದವರಲ್ಲಿ ಬೆರಳು ಬಡಿಸಿಕೊಳ್ಳದೆ ಒಳಹೋದ ಮೊದಲಿಗ ಅವನೇ ಇರಬೇಕು.

ಚೈನು ಮುಗಿಯಿತು. ಆಸರೆ ತೆಗೆದು, ಹ್ಞಾಂ ಎಂದು, ಜಾಕಿನ ಹಿಡಿಯನ್ನು ಎಳ್ಳಷ್ಟೇ ತಿರುಗಿಸಿ ಗಾಡಿಯನ್ನು ಇಳಿಸಿದೆ. ಅದು ನೆಲಕ್ಕೆ ಬಂದು ತನ್ನ ಎರಡೂ ಗಾಲಿಯ ಮೇಲೆ ನಿಂತಿತು. ಅವಳು ಪಕ್ಕದ ಸ್ಟ್ಯಾಂಡು ಹಾಕಿ, ಕೈ ಒರೆಸಿಕೊಂಡು, ನನ್ನ ಮುಂದೆ ಬಂದು ನಿಂತಳು. ನಾನಿನ್ನೂ ಮಣೆಯ ಮೇಲೇ ಇದ್ದೆ. ಅಷ್ಟು ಹೊತ್ತು ಕೂತು ಸೊಂಟ ಹಿಡಿದುಕೊಂಡಿತ್ತು. ಕಿಟಕಿಯ ಸರಳು ದೂರವಿತ್ತು. ಗೇಟಿನ ಕಂಬಿ ಕೈಗೆಟುಕುವ ಹಾಗಿತ್ತು, ಅದನ್ನೊಮ್ಮೆ ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು.

ಅವಳು ಕೈ ಚಾಚಿದಳು. ಚಾಚಿ, ಎತ್ತದೆ, ಅವರಪ್ಪ ಅಂದು ನಿಂತಿದ್ದಂತೆಯೇ ನನ್ನ ಮುಖ ನೋಡುತ್ತಾ ನಿಂತಳು. ಒಳಗೆ ಪಂಪಣ್ಣ ನೀರು ಕೇಳಿದ. ಅವಳು ತಿರುಗಲಿಲ್ಲ.

ಕಾಲು ಊರಿದೆ. ಎಣ್ಣೆಯ ಕೈಯಲ್ಲೇ ಅವಳ ಕೈ ಹಿಡಿದೆ.

"ಹ್ಞಾಂ," ಎಂದೆ. "ಎತ್ತು."